ಬಲಗೆನ್ನೆ ಉಳಿಸುವ ಕ್ಷೌರಿಕ

ಬೆಳಗಿನ ಐದೂಮುಕ್ಕಾಲು. ಮಾಜಿ ಸೈನಿಕರ ವಸತಿ ಸಮುಚ್ಚಯದ ಮೂರನೆಯ ಮಹಡಿಗೆ ಕ್ಷೌರಿಕರು ಕೆಮ್ಮುತ್ತಾ ಹತ್ತುತ್ತಾರೆ; ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆ. ಕಾಯಿಲೆಯ ಕೆಮ್ಮಲ್ಲ, ಕರೆಗಂಟೆಯ ಹಠಾತ್ ಸದ್ದಿಗೆ ಒಳಗಿನವರು ಬೆಚ್ಚುತ್ತಾರೆಂದು ರೂಢಿಸಿಕೊಂಡದ್ದು. ಒಳಗೆ ಕುರ್ಚಿಯನ್ನು ಗೋಡೆಗೆ ಆನಿಸಿ, ಬಾಗಿಲು ಕಾಣುವಂತೆ ಇಡುತ್ತಾರೆ. ಯಾರ ಬೆನ್ನ ಹಿಂದೆಯೂ ನಿಲ್ಲುವುದಿಲ್ಲ. ಕತ್ತಿಯನ್ನು ತೋರಿಸಿ, "ಈಗ ಎಡಗೆನ್ನೆ" ಎಂದು ಹೇಳಿದ ಬಳಿಕವೇ ಮುಟ್ಟುತ್ತಾರೆ.

ಇಂದು ಕುರ್ಚಿಯಲ್ಲಿರುವವರು ಸೇನೆಯ ಲಾರಿ ಓಡಿಸುತ್ತಿದ್ದ ಡ್ರೈವರಣ್ಣ. ಸ್ಫೋಟವೊಂದರಲ್ಲಿ ಲಾರಿಯ ಹಿಂಬದಿಯಲ್ಲಿದ್ದ ಒಂಬತ್ತು ಮಂದಿ ಸತ್ತರು. ಮುಂದೆ ಕುಳಿತಿದ್ದ ಇವರು ಉಳಿದರು. ಏಳು ತಿಂಗಳಿಂದ ಗಡ್ಡ ಮುಟ್ಟಗೊಟ್ಟಿಲ್ಲ. ಪ್ರತಿ ವಾರವೂ ಬೈದು ಕಳಿಸುತ್ತಿದ್ದವರು ಇಂದು ತಾವಾಗಿ ಹೇಳಿದ್ದಾರೆ: "ಪೂರ್ತಿ ತೆಗೆದುಬಿಡಯ್ಯ. ನುಣ್ಣಗಿರ್ಲಿ."

ಹೆಂಡತಿಯ ಮುಖ ಅರಳಿದೆ. "ನೋಡಿದ್ರಾ ಅಣ್ಣಾ? ಅಂಗಿನೂ ತಾವೇ ಇಸ್ತ್ರಿ ಮಾಡ್ಕೊಂಡ್ರು!"

ಕ್ಷೌರಿಕರು ಮಾತ್ರ ನಗುವುದಿಲ್ಲ.

ಅವರಿಗೆ ಐವತ್ತೆಂಟು ವರ್ಷ. ಇಪ್ಪತ್ತೆರಡು ವರ್ಷ ಸೇನಾ ಶಿಬಿರಗಳಲ್ಲಿ ದುಡಿದು, ಈಗ ವಾರಕ್ಕೆ ಮೂವತ್ತೊಂದು ಮನೆ ಸುತ್ತುತ್ತಾರೆ. ಮನೋಚಿಕಿತ್ಸಾ ಕೇಂದ್ರದಲ್ಲಿರುವುದು ಒಬ್ಬರೇ ವೈದ್ಯೆ. ಸರದಿಗೆ ಕಾಯುವವರ ಪಟ್ಟಿಯಲ್ಲಿ ನಾನೂರ ಹದಿನಾರು ಹೆಸರು. "ನಂಗೆ ತಲೆಯ ಹೊರಗಡೆ ಮಾತ್ರ ಗೊತ್ತು. ಒಳಗಿನದು ಡಾಕ್ಟ್ರಮ್ಮನ ಪಾಲು. ಅವ್ರ ಸರದಿ ಬರೋವರೆಗೆ ತಲೆ ಇರ್ಬೇಕಲ್ಲ?"

ಮೂರು ವರ್ಷಗಳ ಹಿಂದೆ, ಸೇನೆಯಲ್ಲಿ ಕಹಳೆ ಊದುತ್ತಿದ್ದ ವೃದ್ಧರೊಬ್ಬರು ಹೀಗೆಯೇ ಪೂರ್ತಿ ಕ್ಷೌರ ಕೇಳಿದ್ದರು. "ಗುಣ ಆಯ್ತು ಅಂದ್ಕೊಂಡೆ. ಮದುವೆ ಗಂಡಿನ ಹಾಗೆ ಕಾಣ್ತೀರಿ ಅಂತ ತಮಾಷೆ ಬೇರೆ. ನಕ್ಕರು. ಮಧ್ಯಾಹ್ನ ಪ್ರಾಣ ಕಳ್ಕೊಂಡ್ರು. ಹೊರಡೋಕೆ ಸಿಂಗಾರ ಮಾಡಿಸ್ಕೊಂಡಿದ್ರು, ನನ್ನ ಕೈಲೇ."

ಅಂದಿನಿಂದ ಅವರದು ಒಂದೇ ನಿಯಮ: ದಿಢೀರನೆ ಪೂರ್ತಿ ಕ್ಷೌರ ಕೇಳಿದರೆ ಅರ್ಧಕ್ಕೆ ನಿಲ್ಲಿಸುವುದು. "ಕವಾಯತು ಮಾಡಿದ ಜನ. ಅರ್ಧ ಗಡ್ಡದಲ್ಲಿ ಎಲ್ಲಿಗೂ ಹೋಗಲ್ಲ." ಈವರೆಗೆ ಆರು ಬಾರಿ ನಿಲ್ಲಿಸಿದ್ದಾರೆ. ನಾಲ್ವರು ಇದ್ದಾರೆ. ಒಬ್ಬರು ಉಳಿದದ್ದನ್ನು ತಾವೇ ಬೋಳಿಸಿಕೊಂಡು ಹೋದರು. ಇನ್ನೊಬ್ಬರು ಅರ್ಧ ಗಡ್ಡದಲ್ಲೇ ಹೋದರು.

ಎಡಗೆನ್ನೆ ಮುಗಿಯುತ್ತದೆ. ಕ್ಷೌರಿಕರು ಪೆಟ್ಟಿಗೆ ಮುಚ್ಚುತ್ತಾರೆ. "ಕತ್ತಿ ಮೊಂಡಾಯ್ತು. ಸಾಣೆ ಹಿಡಿಸ್ಕೊಂಡು ಬರ್ತೀನಿ."

"ಲೋ, ನನ್ನನ್ನೇನು ಕೋಡಂಗಿ ಮಾಡಿದ್ದೀಯಾ?"

ಬಾಗಿಲ ಹೊರಗೆ ಹೆಂಡತಿಗೆ ಪಿಸುಮಾತಿನಲ್ಲಿ ಹೇಳುತ್ತಾರೆ: "ಇದು ಒಳ್ಳೇ ಲಕ್ಷಣ ಅಲ್ಲ ತಾಯಿ. ಒಂದು ಗಳಿಗೆನೂ ಒಬ್ಬರನ್ನೇ ಬಿಡಬೇಡ." ಏಳು ತಿಂಗಳ ಬಳಿಕ ಬಂದ ನಗು ಆಕೆಯ ಮುಖದಿಂದ ಇಳಿದುಹೋಗುತ್ತದೆ. ಆಕೆ ಒಳಗೆ ಹೋಗಿ ಗಂಡನೆದುರು ಕುಳಿತುಕೊಳ್ಳುತ್ತಾರೆ.

ವೈದ್ಯೆಗೆ ಕರೆ ಹೋಗುತ್ತದೆ: ಬರುವುದು ಮಧ್ಯಾಹ್ನ ಎರಡಕ್ಕೆ. ಕ್ಷೌರಿಕರು ಮೆಟ್ಟಿಲ ಮೇಲೆ ಕೂರುತ್ತಾರೆ. ಇಂದು ಇನ್ನೂ ಐದು ಮನೆ ಬಾಕಿ. "ಇಲ್ಲಿ ಕೂತ್ರೆ ಅಲ್ಲಿ ಯಾರು ಸ್ವಾಮಿ?" ಎಂದು ನನ್ನನ್ನು ಕೇಳುತ್ತಾರೆ.

ಒಳಗಿನಿಂದ ಬೈಗುಳ ಕೇಳುತ್ತಲೇ ಇದೆ. ಹನ್ನೊಂದರ ಹೊತ್ತಿಗೆ ನಿಲ್ಲುತ್ತದೆ. ಕ್ಷೌರಿಕರು ಎದ್ದು ಕೆಮ್ಮುತ್ತಾರೆ. ಮತ್ತೆ, ಗಟ್ಟಿಯಾಗಿ.

"ಇನ್ನೂ ತೊಲಗಿಲ್ವೇನೋ ದರಿದ್ರ?"

ಅವರು ಮತ್ತೆ ಕುಳಿತುಕೊಳ್ಳುತ್ತಾರೆ.

"ಬೇರೇನೂ ಬೇಡ," ಎನ್ನುತ್ತಾರೆ. "ಆ ಬಲಗೆನ್ನೆ ನಾಳೆವರೆಗೆ ಹಾಗೇ ಇರ್ಲಿ."