ಹಳ್ಳದ ಈಚೆ ದಡದಲ್ಲಿ

ಗಂಡ ತೀರಿಕೊಂಡ ಮೇಲೆ ನಮ್ಮ ಕಾರು ಹಾವೇರಿಯ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಬಹಳ ದಿನ ನಿಂತೇ ಇತ್ತು. ಮುಂದಿನ ಗಾಜಿನ ಮೇಲೆ ಹಕ್ಕಿಗಳ ಹಿಕ್ಕೆ, ಬೇವಿನ ಹಣ್ಣಿನ ಅಂಟು, ಅದರ ಮೇಲೊಂದು ಪದರ ಧೂಳು. ಒಳಗಿನ ಸ್ಟೀರಿಂಗ್ ಕೂಡ ಕಾಣುತ್ತಿರಲಿಲ್ಲ. ಅವರು ಇದ್ದಾಗ ದಿನಾ ಬೆಳಿಗ್ಗೆ ಹಳೆಯ ಪತ್ರಿಕೆಯನ್ನು ನೀರಿಗೆ ಅದ್ದಿ ಗಾಜು ಒರೆಸುತ್ತಿದ್ದರು. ನಾನು ಚಹಾ ಹಿಡಿದು ಹೊರಗೆ ಬಂದರೆ, ಯಾವುದೋ ಒಂದು ಚುಕ್ಕೆ ತೋರಿಸಿ, ಇದು ಒಳಗಿನದೋ ಹೊರಗಿನದೋ ನೋಡು ಎನ್ನುತ್ತಿದ್ದರು. ಅಷ್ಟೇ ನಮ್ಮ ಬೆಳಗಿನ ಮಾತು. ನಮಗೆ ಮಕ್ಕಳಿರಲಿಲ್ಲ. ಆ ಮಾತೂ ನಿಂತ ಮೇಲೆ ಬೆಳಿಗ್ಗೆ ನನ್ನ ಬಾಯಿಂದ ಹೊರಡುವ ಮೊದಲ ಮಾತು ರಾಣೇಬೆನ್ನೂರಿನ ಬಸ್ಸಿನ ಕಂಡಕ್ಟರನಿಗೆ ಹೇಳುವ ಊರ ಹೆಸರು ಮಾತ್ರವಾಯಿತು.

ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಪರೀಕ್ಷಾ ಕೋಣೆಯಲ್ಲಿ ನನ್ನ ಕೆಲಸ. ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮೊಳೆತವೆಷ್ಟು ಮೊಳೆಯದವೆಷ್ಟು ನೋಡಿ ಬರೆಯುವುದು. ಕಾರು ಮಾರಿಬಿಡು ಎಂದು ಎಲ್ಲರೂ ಹೇಳಿದರು. ಕೊಳ್ಳುವವರೂ ಬಂದು ನೋಡಿ ಹೋದರು. ಅವರಲ್ಲೊಬ್ಬ ಗಾಜಿನ ಮೇಲೆ ಬೆರಳಾಡಿಸಿ ಬಾಗಿಲು ಬಡಿದು ನೋಡಿದ್ದು ಯಾಕೋ ನನಗೆ ಸೇರಲಿಲ್ಲ. ಮರುವಾರ ಡ್ರೈವಿಂಗ್ ಶಾಲೆಗೆ ಹೆಸರು ಕೊಟ್ಟೆ. ನನ್ನ ವಯಸ್ಸಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಬಂಡಿ ಹೊಡೆಯುವುದನ್ನು ಶಾಲೆಯವರು ಕಲಿಸಿದರು. ಗಾಜಿನ ವಿಷಯ ಯಾರೂ ಕಲಿಸಲಿಲ್ಲ. ಮೊದಲ ಮಳೆಗಾಲದಲ್ಲಿ, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಒಂದು ಲಾರಿ ನನ್ನನ್ನು ಹಿಂದೆ ಹಾಕಿ ಹೋಯಿತು. ಅದರ ಚಕ್ರಗಳು ಎರಚಿದ ಕೆಸರು ಗಾಜನ್ನೆಲ್ಲ ಮುಚ್ಚಿತು. ಗಾಬರಿಯಲ್ಲಿ ವೈಪರ್ ಹಾಕಿದೆ. ಬೇಸಿಗೆಯ ಬಿಸಿಲಿಗೆ ಅದರ ರಬ್ಬರು ಒಣಗಿ ಕಟ್ಟಿಗೆಯಂತಾಗಿತ್ತು. ಕೆಸರು ಹೋಗುವ ಬದಲು ಗಾಜಿನ ತುಂಬ ಸಾರಿಸಿದ ಹಾಗಾಯಿತು. ಮುಂದೆ ರಸ್ತೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಒಮ್ಮೆಲೇ ಬ್ರೇಕ್ ಒತ್ತಿದ್ದರೆ ಹಿಂದಿನ ಬಂಡಿ ಬಂದು ಗುದ್ದುತ್ತಿತ್ತು. ಕಾಲು ಸಡಿಲಿಸಿ, ಸ್ಟೀರಿಂಗ್ ನೆಟ್ಟಗೆ ಹಿಡಿದು, ಪಕ್ಕದ ಗಾಜು ಇಳಿಸಿ ತಲೆ ಹೊರಗೆ ಹಾಕಿ, ರಸ್ತೆಯಂಚಿನ ಬಿಳಿ ಗೆರೆ ನೋಡುತ್ತ ಪೆಟ್ರೋಲ್ ಬಂಕಿನವರೆಗೆ ಹೋದೆ. ಅಲ್ಲಿ ನಿಂತು ಎಂಜಿನ್ ಬಂದ್ ಮಾಡಿದೆ. ಹೀಗಾಯಿತು ಎಂದು ಹೇಳಲು ಫೋನು ತೆಗೆದೆ. ಯಾರಿಗೆ ಮಾಡಬೇಕೆಂದು ತೋಚದೆ ಮತ್ತೆ ಚೀಲದಲ್ಲಿ ಹಾಕಿದೆ.

ಆಮೇಲೆ ಒಂದೊಂದಾಗಿ ಕಲಿತೆ. ಮರುದಿನವೇ ವೈಪರ್ ಬದಲಿಸಿದೆ. ಗಾಜಿನ ಜಿಡ್ಡು ಬಿಡಿಸಲು ಸೋಪಿನ ನೀರಿನಲ್ಲಿ ತೊಳೆದೆ. ಮಳೆಯಲ್ಲಿ ಲಾರಿಯ ಬೆನ್ನಿಗೆ ಹತ್ತಿಕೊಂಡು ಹೋಗುವುದನ್ನು ಬಿಟ್ಟೆ. ಒಳಗಿನ ಗಾಜಿಗೆ ಹಬೆ ಕಟ್ಟಿದಾಗ ಮೊದಮೊದಲು ಅಂಗೈಯಿಂದ ಒರೆಸುತ್ತಿದ್ದೆ. ಎದುರಿನ ಬಂಡಿಯ ದೀಪ ಬಿದ್ದ ಕೂಡಲೇ ಆ ಅಂಗೈ ಗುರುತುಗಳೆಲ್ಲ ಹೊಳೆದು ಕಣ್ಣು ಕುಕ್ಕುತ್ತಿದ್ದವು. ಒಂದು ದಿನ ಪರೀಕ್ಷಾ ಕೋಣೆಯಲ್ಲಿ ಮೊಳಕೆ ಪೆಟ್ಟಿಗೆಯ ಗಾಜಿನ ಬಾಗಿಲಿನ ಮೇಲೆ ನೀರು ಕಟ್ಟಿದ್ದು ನೋಡುವಾಗ ಹೊಳೆಯಿತು: ಒಳಗಿನ ತೇವವೇ ತಣ್ಣಗಿನ ಗಾಜಿಗೆ ಕೂರುವುದು, ಆ ತೇವವನ್ನೇ ತೆಗೆಯಬೇಕು. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಬರಲು ಬಿಟ್ಟರೆ ಹಬೆ ತಾನಾಗಿ ಕರಗುತ್ತದೆ. ಒಬ್ಬಳೇ ಇದ್ದುದರಿಂದ ನನ್ನ ಕಾರಿನಲ್ಲಿ ಹಬೆ ಕಟ್ಟುವುದೂ ಕಡಿಮೆಯೇ.

ನನ್ನ ಗಂಡನ ಅಕ್ಕ ಬ್ಯಾಡಗಿಯಲ್ಲಿರುತ್ತಾರೆ. ಅವರದು ಮೆಣಸಿನಕಾಯಿ ವ್ಯಾಪಾರದ ಮನೆ. ತಮ್ಮನನ್ನು ಎತ್ತಿ ಆಡಿಸಿದವರು. ಮಣ್ಣು ಮಾಡಿದ ದಿನ ಬಂದು ಹೋದವರು ಮತ್ತೆ ನನ್ನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಾನು ಕಾರು ಕಲಿಯುತ್ತಿರುವುದು ಕಿವಿಗೆ ಬಿದ್ದಾಗ, ಅವನ ಗಾಡಿ ಹೊಡಿಯಾಕ ಅಕಿಗೆ ಇಷ್ಟ ಅವಸರ ಏನಿತ್ತು ಎಂದರಂತೆ. ಆ ಮಾತು ಮತ್ತೊಬ್ಬರ ಬಾಯಿಂದ ನನಗೆ ಬಂದು ಮುಟ್ಟಿತ್ತು. ನಾನೂ ಅವರ ಮನೆಗೆ ಹೋಗಲಿಲ್ಲ.

ಗಂಡನ ವರ್ಷದ ದಿನ ಹತ್ತಿರ ಬಂದಾಗ ಅಕ್ಕನೇ ಫೋನು ಮಾಡಿದರು. ಗಳಗನಾಥದಲ್ಲಿ ಎರಡು ಹೊಳೆ ಕೂಡುವಲ್ಲಿ ತಮ್ಮನ ಹೆಸರಿನಲ್ಲಿ ಎಡೆ ಬಿಡಬೇಕೆಂಬುದು ಅವರ ಆಸೆ. ಮಗ ವ್ಯಾಪಾರಕ್ಕೆಂದು ಗುಂಟೂರಿಗೆ ಹೋಗಿದ್ದ. ಬಸ್ಸು ಹತ್ತಲು ಅವರ ಮೊಣಕಾಲು ಬಿಡುತ್ತಿರಲಿಲ್ಲ. ಇಷ್ಟನ್ನೂ ಹೇಳಿ, "ನೀ ಕರ್ಕೊಂಡ ಹೋಗ್ತಿಯೇನು?" ಎಂದರು.

ಆ ದಿನ ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ. ಬ್ಯಾಡಗಿಗೆ ಹೋದಾಗ ಅವರು ಬುತ್ತಿಯ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕರೆಯಲಿಲ್ಲ. ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದರು. ಕಾಲು ಚಾಚಲು ಮುಂದೆಯೇ ಅನುಕೂಲ ಎಂದೆ. ಮುಂದೆ ಕೂತರು. ಅದು ನಾನು ಯಾವಾಗಲೂ ಕೂರುತ್ತಿದ್ದ ಸೀಟು. ನಾನು ಬಂಡಿ ಹೊಡೆಯಲು ಕಲಿತ ಮೇಲೆ ಅಲ್ಲಿ ಮನುಷ್ಯರಾರೂ ಕೂತಿರಲಿಲ್ಲ. ನನ್ನ ಕೈಚೀಲ, ಊಟದ ಡಬ್ಬಿ, ಬೀಜದ ಪೊಟ್ಟಣ, ಇಷ್ಟೇ.

ಹಾವೇರಿ ದಾಟಿ ಗುತ್ತಲದ ದಾರಿ ಹಿಡಿಯುವ ಹೊತ್ತಿಗೆ ಮಳೆ ಜೋರಾಯಿತು. ಇಬ್ಬರ ಉಸಿರು, ಅವರ ಒದ್ದೆ ಸೆರಗು, ಬುತ್ತಿಯ ಬಿಸಿ, ಎಲ್ಲ ಸೇರಿ ಗಾಜು ಕ್ಷಣದಲ್ಲಿ ಬೆಳ್ಳಗಾಯಿತು. ಎಸಿ ಹೆಚ್ಚಿಸಿದೆ.

"ಆ ಥಂಡಿ ಗಾಳಿ ಬಂದ್ ಮಾಡು. ನನ್ನ ಕಾಲ ಹಿಡೀತಾವ," ಎಂದರು ಅಕ್ಕ.

"ಬಂದ್ ಮಾಡಿದ್ರ ದಾರಿ ಕಾಣೂದಿಲ್ರಿ."

ಅವರು ಸೆರಗಿನ ಅಂಚಿನಿಂದ ಗಾಜು ಒರೆಸಲು ಬಾಗಿದರು. ಬೇಡವೆಂದು ಅವರ ಕೈ ಹಿಡಿದೆ. ಒಂದು ವರ್ಷದಲ್ಲಿ ನಾನು ಅವರನ್ನು ಮುಟ್ಟಿದ್ದು ಅದೇ ಮೊದಲು. ರಸ್ತೆಯಿಂದ ಪೂರ್ತಿ ಕೆಳಗಿಳಿದು ಒಂದು ಕಡೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಶಾಲನ್ನು ಅವರ ಮೊಣಕಾಲಿಗೆ ಹೊದಿಸಿದೆ. ಗಾಳಿ ಕಾಲಿಗೆ ಬೀಳದಂತೆ ಗಾಜಿನತ್ತ ಮಾತ್ರ ಬಿಟ್ಟು, ಕಾವು ಸ್ವಲ್ಪ ಏರಿಸಿದೆ. ಗಾಜು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಿಳಿಯಾಯಿತು. ಅವರು ಅದನ್ನೇ ನೋಡುತ್ತ ಕೂತರು. 

ಗುತ್ತಲ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ರಸ್ತೆಗೆ ಅಡ್ಡವಾಗಿ ಹಳ್ಳ ಬಂದಿತ್ತು. ಬೇರೆ ದಿನಗಳಲ್ಲಿ ಅಲ್ಲಿ ಹಳ್ಳವಿದೆ ಎಂದೇ ತಿಳಿಯುವುದಿಲ್ಲ, ಸೇತುವೆ ಅಷ್ಟು ತಗ್ಗು. ಈಗ ಸೇತುವೆಯೇ ಕಾಣದೆ, ಕೆಂಪು ನೀರು ಅದರ ಮೇಲೆ ಮಡಿಕೆ ಮಡಿಕೆಯಾಗಿ ಹರಿಯುತ್ತಿತ್ತು. ಈಚೆ ನಿಲ್ಲಿಸಿದೆ. ನಮ್ಮ ಹಿಂದೆ ಬಂದ ಟೆಂಪೋ ಒಂದು ಕ್ಷಣವೂ ನಿಲ್ಲದೆ ನೀರಿಗಿಳಿಯಿತು. ನಡುವೆ ಸ್ವಲ್ಪ ಓಲಾಡಿ, ಆಚೆ ದಡ ಹತ್ತಿ ಮರೆಯಾಯಿತು.

"ಅವ್ರು ಹೋದ್ರಲ್ಲ. ನೀನೂ ಹೊಡಿ."

"ನೀರಿನ ಕೆಳಗ ರಸ್ತಾ ಹೆಂಗೈತಿ ಅಂತ ಗೊತ್ತಿಲ್ರಿ ಅಕ್ಕಾ. ನಾ ದಾಟ್ಸೂದಿಲ್ಲ."

"ಅವ ಇದ್ದಿದ್ರ ದಾಟಸ್ತಿದ್ದ."

ನನ್ನ ಗಂಡನೂ ದಾಟಿಸುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.  ಕಾರನ್ನು ಹಿಂದಕ್ಕೆ ತಂದು, ಎತ್ತರದ ಜಾಗದಲ್ಲಿ ಒಂದು ಜಾಲಿ ಮರದಿಂದ ದೂರ ನಿಲ್ಲಿಸಿ, ನಾಲ್ಕೂ ಕಡೆ ಮಿನುಗುವ ದೀಪ ಹಾಕಿ, ಎಂಜಿನ್ ಬಂದ್ ಮಾಡಿದೆ. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ನೋಡನೋಡುತ್ತ ಗಾಜುಗಳೆಲ್ಲ ಮತ್ತೆ ಮುಚ್ಚಿಕೊಂಡವು. ಹೊರಗೆ ಏನೂ ಕಾಣದಾಯಿತು. ಒಂದೇ ದುಃಖದ ಇಬ್ಬರು ಹೆಂಗಸರು, ಇಷ್ಟು ಹತ್ತಿರ ಕೂತು, ಒಬ್ಬರನ್ನೊಬ್ಬರು ನೋಡದೆ ಇದ್ದೆವು. ಮನೆಯಲ್ಲಿ ಒಬ್ಬಳೇ ಇದ್ದಾಗಲೂ ನನಗೆ ಅಷ್ಟು ಒಂಟಿತನ ಕಾಡಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅಕ್ಕ, "ನಿನ್ನ ಮನಿಗೆ ನಾ ಯಾಕ ಬರಲಿಲ್ಲ ಅಂತ ನೀ ಒಮ್ಮೆನೂ ಕೇಳಲಿಲ್ಲ," ಎಂದರು.

"ನೀವು ಸಿಟ್ಟಾಗೀರಿ ಅನ್ಕೊಂಡಿದ್ದೆ."

"ಸಿಟ್ಟು ಇತ್ತು, ಖರೇ." ಅವರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಡುತ್ತಿದ್ದರು. "ಒಂದಿನ ಪ್ಯಾಟ್ಯಾಗ ಈ ಗಾಡಿ ನಿಂತಿತ್ತು. ಅವನ ಬಂದಾನ ಅಂತ ಲಗೂ ಲಗೂ ಬಂದೆ. ಸತ್ತಾನ ಅನ್ನೂದು ಆಗ ನೆನಪಿಗೆ ಬರಲಿಲ್ಲ ನೋಡು. ಹತ್ರ ಬಂದು ನೋಡಿದ್ರ ಒಳಗ ನೀ ಕುಂತಿದ್ದಿ. ಹಂಗ ಹೊಳ್ಳಿ ಹೋದೆ."

ಆ ದಿನ ಯಾವುದೆಂದು ನನಗೆ ನೆನಪಾಗಲಿಲ್ಲ. ರಾಣೇಬೆನ್ನೂರಿನಿಂದ ಬರುವಾಗ ಬ್ಯಾಡಗಿ ಪೇಟೆಯಲ್ಲಿ ಎಷ್ಟೋ ಸಲ ನಿಲ್ಲಿಸಿದ್ದೇನೆ. ಅದರಲ್ಲಿ ಒಂದು ದಿನ, ನೋಯುವ ಮೊಣಕಾಲಿನ ಹೆಂಗಸೊಬ್ಬಳು ಜನರ ನಡುವೆ ಓಡುತ್ತ ಈ ಗಾಜಿನವರೆಗೆ ಬಂದಿದ್ದಳು. ನಾನು ಒಳಗೆ ಕೂತು ಬೇರೆಲ್ಲೋ ನೋಡುತ್ತಿದ್ದೆ. ಕರೆದಿದ್ದರೆ ಆಗುತ್ತಿತ್ತಲ್ಲ ಎಂದೆ. ಕರೆದು ಏನು ಹೇಳಬೇಕಿತ್ತು ಎಂದು ಅವರು ಕೇಳಿದರು.  ಕೇಳಿ ಅತ್ತರು. ನಾನು ಅವರ ಕೈ ಮೇಲೆ ಕೈಯಿಟ್ಟು ಕೂತೆ. ಆಮೇಲೆ ನಾನೂ ಅತ್ತೆ.

ಮಳೆ ಕಡಿಮೆಯಾದರೂ ಹಳ್ಳ ಇಳಿಯಲಿಲ್ಲ. ಇನ್ನೊಂದು ದಿನ ಬರೋಣ ಎಂದು ನಾನು ಹೇಳುವ ಮೊದಲೇ ಅವರು ಬುತ್ತಿಯ ಗಂಟು ಬಿಚ್ಚಿದರು.

"ಈ ನೀರೂ ಹೊಳಿಗೇ ಹೋಗತೈತಿ. ಇಲ್ಲೇ ಬಿಡೂಣ," ಎಂದರು.

ಕೊಡೆ ಹಿಡಿದು, ಅವರ ತೋಳಿಗೆ ಆಸರೆಯಾಗಿ, ನೀರಿನ ಅಂಚಿನವರೆಗೆ ಮಾತ್ರ ಕರೆದೊಯ್ದೆ. ಮುತ್ತುಗದ ಎಲೆಯ ಮೇಲೆ ಹೋಳಿಗೆ, ಬದನೆಯ ಎಣಗಾಯಿ ಪಲ್ಯ, ಒಂದು ಚೂರು ರೊಟ್ಟಿ. ಎಲೆ ತೇಲಿ ಸ್ವಲ್ಪ ಮುಂದೆ ಹೋಗಿ ಜಾಲಿಯ ಟೊಂಗೆಗೆ ಸಿಕ್ಕಿಬಿತ್ತು. ಅಕ್ಕ ನನ್ನ ಕೈಯ ಕೊಡೆ ಇಸಿದುಕೊಂಡು ಅದರ ತುದಿಯಿಂದ ಬಿಡಿಸಿದರು. ನಾವಿಬ್ಬರೂ ತೊಯ್ದೆವು. ಎಲೆ ತಿರುಗುತ್ತ ಹೋಗಿ ಕೆಂಪು ನೀರಿನಲ್ಲಿ ಕಾಣದಾಯಿತು. ಉಳಿದದ್ದನ್ನು ಕಾರಿನಲ್ಲಿ ಕೂತು ಉಂಡೆವು. ತಮ್ಮನಿಗೆ ಎಣಗಾಯಿ ಇಷ್ಟ ಎಂದು ಅವರು. ಅದರಲ್ಲಿ ಗುರೆಳ್ಳಿನ ಪುಡಿ ಜಾಸ್ತಿ ಇರಬೇಕಿತ್ತು ಅವರಿಗೆ ಎಂದು ನಾನು.

ಬ್ಯಾಡಗಿಗೆ ಮರಳಿದಾಗ ಇನ್ನೂ ಬೆಳಕಿತ್ತು. ಈ ಸಲ ಅವರು ಒಳಗೆ ಕರೆದು ಚಹಾ ಕೊಟ್ಟರು, ಇವತ್ತು ಇಲ್ಲೇ ಇರು ಎಂದರು. ಮರುದಿನ ಕೆಲಸವಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಗಂಡನ ಫೋಟೋಕ್ಕೆ ಹಾರ ಹಾಕಿದ ಆ ಪಡಸಾಲೆಯಲ್ಲಿ ನನಗೆ ನಿದ್ದೆ ಬರುವುದಿಲ್ಲವೆಂದು ಗೊತ್ತಿತ್ತು. ಹೊರಟೆ. ಹೆದ್ದಾರಿ ಒಣಗುತ್ತಿತ್ತು. ಮಾತಾಡಲು ಯಾರೂ ಇಲ್ಲದ ಕಾರು, ಅಕ್ಕನ ಜೊತೆ ಅಷ್ಟು ದೂರ ಹೋಗಿ ಬಂದ ಮೇಲೆ, ಮೊದಲಿಗಿಂತ ದೊಡ್ಡದಾದಂತೆ ತೋರಿತು.

ಮುಂದಿನ ವರ್ಷ ಮಳೆ ತಡವಾಯಿತು. ಇಬ್ಬರೂ ಗಳಗನಾಥಕ್ಕೆ ಹೋಗಿ, ಹೊಳೆಗಳು ಕೂಡುವಲ್ಲಿ ಎಡೆ ಬಿಟ್ಟು, ಗುಡಿಯ ಕಟ್ಟೆಯ ಮೇಲೆ ಕೂತು ಬಂದೆವು. ಅದು ಬಿಟ್ಟರೆ ನಾವು ಸೇರುವುದು ಕಡಿಮೆ. ಅವರಿಗೆ ಅವರ ಮನೆ, ಮೊಮ್ಮಕ್ಕಳು. ನನಗೆ ನನ್ನ ಬೀಜಗಳು. ಸುಗ್ಗಿಯಲ್ಲಿ ಅವರ ಮಗ ಹಾವೇರಿಗೆ ಬಂದಾಗ ಅಕ್ಕ ಕುಟ್ಟಿಸಿದ ಖಾರದ ಪುಡಿಯನ್ನು ದೊಡ್ಡ ಡಬ್ಬಿಯ ತುಂಬ ಕಳಿಸುತ್ತಾರೆ, ತಮ್ಮನಿದ್ದಾಗ ಕಳಿಸುತ್ತಿದ್ದಷ್ಟೇ. ಒಬ್ಬಳಿಗೆ ಅದು ವರ್ಷವಾದರೂ ಮುಗಿಯುವುದಿಲ್ಲ. ಕಡಿಮೆ ಕಳಿಸಿ ಎಂದು ನಾನು ಹೇಳಿಲ್ಲ.