ಒಂದನೇ ನಂಬರಿನ ಈರಪ್ಪ ಕಾಕಾ

ಈರಪ್ಪ ಕಾಕಾ ಮಳೆಯನ್ನೂ ನಂಬುತ್ತಿರಲಿಲ್ಲ. ತಗಡಿನ ಮೇಲೆ ಹನಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿದ್ದರೂ ಕಟ್ಟೆಯ ಅಂಚಿಗೆ ಬಂದು ಅಂಗೈ ಚಾಚಿ, ಒದ್ದೆಯಾಯಿತೇ ಎಂದು ತಿರುಗಿಸಿ ನೋಡಿ, ಆಮೇಲೆ ಮಾತ್ರ “ಹೂಂ, ಮಳಿನ ಐತಿ” ಎಂದು ಛತ್ರಿ ತರಲು ಒಳಗೆ ಹೋಗುತ್ತಿದ್ದರು. ಬಸ್ಸಿನ ಬೋರ್ಡಿನಲ್ಲಿ ಮೂಡಲಗಿ ಎಂದು ಬರೆದಿದ್ದರೂ ಕಂಡಕ್ಟರನನ್ನು ಕೇಳಬೇಕು. ಅವನು ಹೌದೆಂದ ಮೇಲೆ ಡ್ರೈವರನನ್ನೂ ಕೇಳಬೇಕು. ಒಮ್ಮೆ ಡ್ರೈವರ್ ರೇಗಿ, “ಯಜಮಾನ್ರ, ನಾನೂ ಅಲ್ಲಿಗೇ ಹೊಂಟೀನಿ, ನಿಮಗ ಸಂಶೇ ಇದ್ರ ನಾ ಇಳೀತೇನಿ, ನೀವ ನಡಸ್ರಿ” ಎಂದಿದ್ದ. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. “ಸಿಟ್ಟಿಲೆ ಹೇಳ್ಯಾನ ಅಂದ್ರ ಖರೆ ಇರಬೇಕು” ಎಂದು ಹತ್ತಿ ಕುಳಿತರು.

ಈ ಸ್ವಭಾವ ಅವರಿಗೆ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಬಂದದ್ದೋ ನನಗೆ ಗೊತ್ತಿಲ್ಲ. ಅವರು ನಿವೃತ್ತರಾಗುವವರೆಗೆ ಹಿಡಕಲ್ ಆಣೆಕಟ್ಟಿನಲ್ಲಿ ನೀರಿನ ಮಟ್ಟ ಓದುವ ಕೆಲಸದಲ್ಲಿದ್ದರು. ಮೆಟ್ಟಿಲಿಳಿದು ಹೋಗಿ ಅಳತೆಪಟ್ಟಿಯ ಮೇಲೆ ನೀರು ಯಾವ ಗೆರೆಗೆ ಮುಟ್ಟಿದೆ ಎಂದು ನೋಡುವುದು, ಮೇಲೆ ಬಂದು ಪುಸ್ತಕದಲ್ಲಿ ಬರೆಯುವುದು. ಬೇಸಿಗೆಯಲ್ಲಿ ಹತ್ತು ದಿನ ನೀರು ಕದಲದಿದ್ದರೂ ಹತ್ತೂ ದಿನ ಇಳಿಯುತ್ತಿದ್ದರಂತೆ. “ಕದಲಿಲ್ಲ ಅಂತ ಗೊತ್ತಿದ್ದರೂ ಯಾಕೆ ಇಳೀತಿದ್ರಿ?” ಎಂದು ನಾನು ಕೇಳಿದ್ದಕ್ಕೆ ಅವರು ನನ್ನನ್ನೇ ಅನುಮಾನದಿಂದ ನೋಡಿದ್ದರು. “ನೋಡದ ಹ್ಯಾಂಗ ಗೊತ್ತಾಗತೈತಿ ತಂಗಿ?”

ಆಗ ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೆ. ನಮ್ಮೂರು ಬೆಲ್ಲದ ಬಾಗೇವಾಡಿಯಿಂದ ದಿನವೂ ಓಡಾಡುವುದು ಆಗದೆಂದು ಗೋಕಾಕದಲ್ಲಿ ಚಿಗವ್ವನ ಮನೆಯಲ್ಲಿದ್ದೆ. ಎದುರು ಮನೆ ಕಾಕಾ ಅವರದು. ಕೆಳಗೆ ಅವರು, ಮಗ ಬಸವರಾಜ, ಸೊಸೆ. ಮೇಲೊಂದು ಖೋಲಿ ಖಾಲಿ. ನಮ್ಮ ಕಾಲೇಜಿನ ನರ್ಸಿಂಗ್ ವಿಭಾಗಕ್ಕೆ ಆ ವರ್ಷ ಹೊರದೇಶಗಳಿಂದ ಹನ್ನೊಂದು ವಿದ್ಯಾರ್ಥಿಗಳು ಬಂದಿದ್ದರು. ಬಸ್ಸು ಯಾವುದು, ಸಿಮ್ ಎಲ್ಲಿ, ಖಾರ ಕಡಿಮೆ ಹಾಕುವ ಖಾನಾವಳಿ ಯಾವುದು, ಜ್ವರ ಬಂದರೆ ಯಾರ ಹತ್ತಿರ ಹೋಗಬೇಕು, ಎಲ್ಲ ಒಂದೇ ಕಡೆ ಸಿಗುವಂಥ ಆ್ಯಪ್ ಮಾಡುವುದು ನಮ್ಮ ಗುಂಪಿನ ಪ್ರಾಜೆಕ್ಟ್. ಬಾಡಿಗೆ ಮನೆಗಳ ಪುಟ ನನ್ನ ಪಾಲಿಗೆ ಬಂತು. ಕಾಲೇಜಿನ ಬಸ್ಸು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯಿಂದ ಬರುತ್ತಿದ್ದುದರಿಂದ ಊರಿಗೆ ಮೂರರಂತೆ ಒಂಬತ್ತು ಮನೆಗಳ ಪಟ್ಟಿ ಮಾಡಿದೆ. ಒಂದೇ ಸಂಜೆ ಒಂಬತ್ತೂ ಮಂದಿಗೆ ಫೋನ್ ಮಾಡಿದೆ. ಐದು ಹೂಂ, ನಾಲ್ಕು ಇಲ್ಲ. ಹೂಂ ಎಂದವರ ಮುಂದೆ ಹಸಿರು ಗುರುತು ಹಾಕಿ, ಇಲ್ಲ ಎಂದವರನ್ನು ಅಳಿಸಿದೆ.

ಪಟ್ಟಿಯ ಒಂದನೇ ನಂಬರು ಕಾಕಾ. ಎದುರಿಗೇ ಮನೆಯಿದ್ದರೂ ಎಲ್ಲರಿಗೂ ಒಂದೇ ಕ್ರಮವಿರಲಿ ಎಂದು ಚಿಗವ್ವನ ಅಡುಗೆಮನೆಯಿಂದ ಅವರಿಗೂ ಫೋನಿನಲ್ಲೇ ಕೇಳಿದ್ದೆ. “ಹೂಂ, ನೋಡೂಣಂತ” ಎಂದಿದ್ದರು. ನಾನು ‘ಹೂಂ’ ಎಂದಷ್ಟೇ ಬರೆದುಕೊಂಡಿದ್ದೆ.

ಮರುದಿನ ಕಟ್ಟೆಯ ಮೇಲೆ ಅವರಿಗೆ ಆ ಪುಟ ತೋರಿಸಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಈ ಹಸರ ಗುರುತು ಏನು?”

“ಹೊರದೇಶದವ್ರಿಗೆ ಖೋಲಿ ಕೊಡ್ತಾರ ಅಂತ್ರಿ ಕಾಕಾ.”

“ಯಾರ ಹೇಳಿದ್ದು?”

“ಅವರ ಹೇಳ್ಯಾರ. ಫೋನಿನ್ಯಾಗ.”

“ನೀ ಹೋಗಿ ನೋಡಿಯೇನು?”

“ಇಲ್ರಿ.”

“ಖೋಲಿ ಬೇಕಾದ ಹುಡುಗಿ ಹೋಗಿದ್ಲೇನು?”

“ಇಲ್ಲ.”

ಫೋನನ್ನು ನನ್ನ ಕೈಗೆ ಮರಳಿ ಕೊಟ್ಟರು. “ಹಂಗಾರ ಇದು ಅಳತಿ ಅಲ್ಲ. ಬರೇ ಸುದ್ದಿ.”

ಖೋಲಿ ಬೇಕಾದ ಹುಡುಗಿ ರೆಹೆಮಾ, ಟಾಂಜಾನಿಯಾದವಳು. ಹಾಸ್ಟೆಲಿನ ಅವಳ ಮಹಡಿಯನ್ನು ದುರಸ್ತಿಗೆಂದು ಹನ್ನೆರಡು ದಿನದೊಳಗೆ ಖಾಲಿ ಮಾಡಬೇಕಿತ್ತು. ಉಳಿದವರು ಇಬ್ಬರು ಮೂವರು ಸೇರಿ ಮನೆ ಹಿಡಿದಿದ್ದರು. ತಡವಾಗಿ ಬಂದ ಅವಳು ಒಬ್ಬಳೇ ಉಳಿದಿದ್ದಳು. ಖೋಲಿ ಸಿಗದಿದ್ದರೆ ಆ ವರ್ಷದ ಓದು ಬಿಟ್ಟು ಊರಿಗೆ ಮರಳಬೇಕಾದೀತು ಎಂದು ಅವಳ ಅಣ್ಣ ದಿನವೂ ಫೋನಿನಲ್ಲಿ ಹೇಳುತ್ತಿದ್ದ. ಆ ಹಸಿರು ಗುರುತುಗಳನ್ನು ನಂಬಿ ಅವಳು ಆಗಲೇ ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದಳು.

“ಭಾನುವಾರ ಹೋಗೂಣು. ನಾನೂ ಬರ್ತೇನಿ. ದೂರದ್ದು ಮೊದಲ ನೋಡೂಣು” ಎಂದರು ಕಾಕಾ.

ಒಂದನೇ ನಂಬರು ಬಿಟ್ಟು ದೂರದ್ದು ಯಾಕೆ ಮೊದಲು ಎಂದು ನನಗೆ ಆಗಲೇ ಅನ್ನಿಸಿತು. ಚಿಗವ್ವ ರೊಟ್ಟಿ ಬಡಿಯುತ್ತ ಹೇಳಿದಳು: “ಆ ಈರಪ್ಪ ಪುಕ್ಕಟ ಎದ್ದ ಬರಾಂವ ಅಲ್ಲ. ಮಂದಿ ತಮ್ಮ ಖೋಲಿ ಹ್ಯಾಂಗ ಇಟ್ಟಾರ, ಏನ ತಗೋತಾರ, ಎಲ್ಲಾ ಹಿಕಮತ್ತಿಲೆ ತಿಳಕೊಂಡ ಬರಾಕ ಹೊಂಟಾನ.” ಅದನ್ನು ಡೈರಿಯಲ್ಲಿ ಬರೆದು ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಮೂಡಲಗಿಯ ಮೊದಲ ಮನೆಯಾಕೆ ಫೋನಿನಲ್ಲಿ “ಕಳಸ್ರಿ, ನಮ್ಮ ಮಗಳ ಹಂಗ ನೋಡ್ಕೋತೇವಿ” ಎಂದಿದ್ದರು. ಬಾಗಿಲು ತೆರೆದು ನನ್ನನ್ನು ನೋಡಿ ನಕ್ಕರು. ನನ್ನ ಹಿಂದಿದ್ದ ರೆಹೆಮಾಳನ್ನು ನೋಡಿದಾಗ ಆ ನಗು ಅಲ್ಲೇ ನಿಂತಿತು.

“ಅಯ್ಯ, ನಿನ್ನೇನ ಕೊಟ್ಟಬಿಟ್ಟೇವ್ರಿ ಖೋಲಿ.”

ಕಾಕಾ ಕಿಟಕಿಯಿಂದ ಒಳಗೆ ಇಣುಕಿದರು. ಬರಿಯ ನೆಲ, ಒಂದು ಕಬ್ಬಿಣದ ಮಂಚ. “ನಿನ್ನೆ ಬಂದವ್ರು ಸಾಮಾನ ಇನ್ನೂ ತಂದಿಲ್ಲ ಕಾಣತೈತಿ?”

“ತರ್ತಾರ, ತರ್ತಾರ. ನೀವು ಛಾ ಕುಡೀರಿ.”

ಛಾ ಕುಡಿದೆವು. ಎರಡನೇ ಮನೆಯವರು “ಮನ್ಯಾಗ ಕೇಳಿ ಫೋನ್ ಮಾಡ್ತೇವ್ರಿ” ಎಂದರು. ಅವರು ಮನೆಯಲ್ಲೇ ನಿಂತಿದ್ದರು, ಕೇಳಬೇಕಾದವರೂ ಹಿಂದೆಯೇ ನಿಂತಿದ್ದರು. ಮೂರನೆಯದು ನಾನು ಅಳಿಸಿದ್ದ ಮನೆ. ಹೋಗುವುದು ಬೇಡವೆಂದೆ. ಕಾಕಾ ಬಿಡಲಿಲ್ಲ. “ಫೋನಿನ್ಯಾಗಿನ ಹೂಂ ಸುದ್ದಿ ಆದ್ರ, ಫೋನಿನ್ಯಾಗಿನ ಇಲ್ಲಾನೂ ಸುದ್ದಿನ.” ಅಲ್ಲಿ ಇಲ್ಲವೆಂದರು, ಬಾಗಿಲು ಪೂರ್ತಿ ತೆರೆಯದೆ.

ಎಲ್ಲ ಮನೆಯಲ್ಲೂ ಕಾಕಾ ತಮ್ಮ ಕೆಲಸ ಮಾಡುತ್ತಿದ್ದರು. ನಲ್ಲಿ ತಿರುವಿ ನೋಡುವುದು, ಬಾಗಿಲ ಚಿಲಕ ಎಳೆದು ನೋಡುವುದು, ಇನ್ನೊಂದು ಕೀಲಿ ಯಾರ ಹತ್ತಿರವಿದೆ ಎಂದು ಕೇಳುವುದು. ಕೊಡುವುದಿಲ್ಲ ಎಂದವರ ಮನೆಯಲ್ಲೂ ಕೇಳಿದರು. ಚಿಗವ್ವ ಹೇಳಿದ್ದು ಖರೆಯೇ ಇರಬೇಕು ಎಂದುಕೊಂಡೆ.

ಮರಳುವಾಗ ಬಸ್ಸಿನಲ್ಲಿ ರೆಹೆಮಾ ತನಗೆ ಬಂದಷ್ಟು ಕನ್ನಡದಲ್ಲಿ, ಆ ಎರಡನೇ ಮನೆಯವರ ಹಾಗೆಯೇ ಕತ್ತು ಓರೆ ಮಾಡಿ, “ಫೋನ್ ಮಾಡ್ತೇವ್ರಿ” ಎಂದಳು. ಕಾಕಾ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಆಮೇಲೆ ಕಿಟಕಿಯ ಕಡೆಗೆ ತಿರುಗಿ ಗೋಕಾಕ ಬರುವವರೆಗೆ ಹೊರಗೇ ನೋಡುತ್ತ ಕುಳಿತಳು.

ಗೋಕಾಕದ ಉಳಿದೆರಡು ಮನೆಗಳಿಗೆ ಬುಧವಾರ ಹೋದೆವು. ಎರಡೂ ಇಲ್ಲ. ಸಂಜೆ ಐದೂಕಾಲಿಗೆ ನಮ್ಮ ಓಣಿಗೆ ಬಂದೆವು. ಕಾಕಾ ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ನಮ್ಮ ಕಡೆಗೆ ತಿರುಗಿದರು. ನಾನು ಕೇಳಿದೆ:

“ಕಾಕಾ, ಒಂದನೇ ನಂಬರ ಉಳೀತು.”

“ಉಳೀತು” ಎಂದರು. ಮೇಲಿನ ಖೋಲಿಯ ಕಡೆಗೊಮ್ಮೆ ನೋಡಿದರು. “ಇಲ್ಲ ಅಂತ ಬರಿ.”

ಎರಡು ಊರು ಸುತ್ತಿಸಿ ಈ ಮಾತೇ ಎಂದು ನನಗೆ ಮೈ ಉರಿಯಿತು. “ಖೋಲ್ಯಾಗ ಮಾಂಸ ಮಾಡೂದಿಲ್ಲ ಅಂತ ರೆಹೆಮಾ ಅಂದಾಳ್ರಿ. ಬರೆದೂ ಕೊಡ್ತಾಳ.”

“ನಂಬೇನಿ. ಇಲ್ಲಿತನಕ ನೋಡೇನಲ್ಲ, ಛಲೋ ಹುಡುಗಿ. ಆದರ ಹೂಂ ಅನ್ನಾಕ ಬಾಯಿ ಬರವಲ್ದು. ಯಾಕಂತ ಕೇಳಬ್ಯಾಡ, ನನಗೂ ತಿಳೀವಲ್ದು. ಇಲ್ಲದ್ದು ಬರಸಬಾರದು. ಆಕಿಗೆ ಹೇಳು, ಈಗ ಹೇಳು, ನನ್ನ ಮುಂದ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ರೆಹೆಮಾ ಅವರ ಮುಖವನ್ನೇ ನೋಡುತ್ತ ಕೇಳಿಸಿಕೊಂಡು, ನನಗೆ ಒಂದು ಮಾತು ಹೇಳಿ, ಅದನ್ನು ಅವರಿಗೆ ತಿಳಿಸು ಎಂದಳು.

“ಏನಂದ್ಲು?” ಎಂದರು ಕಾಕಾ.

“ಛಾ ಕುಡಸಿ ಸುಳ್ಳ ಹೇಳದ, ಮುಖಾ ನೋಡಿ ಇಲ್ಲ ಅಂದವರು ನೀವೊಬ್ಬರ ಅಂತ.”

ಅವರು ತಲೆ ತಗ್ಗಿಸಿ ಒಳಗೆ ಹೋದರು. ಒಳಗೆ ಹೋದವರು ತಿರುಗಿ ಬಂದು, “ಇಲ್ಲ ಅಂತ ಬರದದ್ದರ ಮುಂದ ತಾರೀಖ ಹಾಕು. ತಾರೀಖ ಇಲ್ಲದ ಅಳತಿ ಅಳತಿ ಅಲ್ಲ” ಎಂದರು. ಆ ರಾತ್ರಿ ಚಿಗವ್ವನ ಮಾತಿನ ಮುಂದಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿದೆ. ಅವರು ಮೋಸಗಾರರೆಂದು ನನಗೆ ಖಾತ್ರಿಯಾಗಿತ್ತು.

ಹುಕ್ಕೇರಿಯ ಮೂರು ಮನೆಗಳಿಗೆ ನಾನು, ರೆಹೆಮಾ ಇಬ್ಬರೇ ಹೋದೆವು. ಫೋನಿನಲ್ಲಿ ಹೂಂ ಎಂದಿದ್ದವರು ಮನೆಯಲ್ಲೇ ಇರಲಿಲ್ಲ. ಇಲ್ಲ ಎಂದಿದ್ದ ಇಬ್ಬರಲ್ಲಿ ಮೊದಲನೆಯವರು ಮತ್ತೆ ಇಲ್ಲವೆಂದರು. ಎರಡನೆಯವರು ಬಟ್ಟೆ ಹೊಲಿಯುವ ಶಾಂತವ್ವ. ಮಷಿನ್ ನಿಲ್ಲಿಸದೆ ರೆಹೆಮಾಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. “ಫೋನಿನ್ಯಾಗ ಹೊರದೇಶದವ್ರು ಅಂದ್ರಿ, ಯಾರೋ ದೊಡ್ಡ ಮಂದಿ ಅನಕೊಂಡೆ. ಈಕಿ ನಮ್ಮ ಮಗಳು ರೇಣುಕಾನ ವಯಸ್ಸಿನ ಹುಡುಗಿ. ಜಂಪರ ಹಿಂದ ಹೊಲಿಗಿ ಬಿಚ್ಚೈತಿ ನೋಡು ತಂಗಿ, ತಾ ಇಲ್ಲಿ, ಹೊಲದ ಕೊಡ್ತೇನಿ.” ಖೋಲಿಯನ್ನೂ ಕೊಟ್ಟರು. ರೆಹೆಮಾ ಆ ಶುಕ್ರವಾರವೇ ಅಲ್ಲಿಗೆ ಹೋದಳು. ಹಾಸ್ಟೆಲ್ ಬಿಡಲು ಇನ್ನೂ ಐದು ದಿನ ಇತ್ತು.

ನಮ್ಮ ಆ್ಯಪಿನಿಂದ ಹಸಿರು ಗುರುತುಗಳನ್ನೆಲ್ಲ ತೆಗೆದೆ. ಅವುಗಳ ಜಾಗದಲ್ಲಿ ಪ್ರತಿ ಮನೆಯ ಮುಂದೆ ಯಾರು ಹೋಗಿ ನೋಡಿದರು, ಯಾವ ದಿನ, ಏನು ಹೇಳಿದರು ಎಂದಷ್ಟೇ ಇಟ್ಟೆ. ಯಾರೂ ಹೋಗಿ ನೋಡದ ಮನೆ ಪಟ್ಟಿಯಲ್ಲೇ ಕಾಣುವುದಿಲ್ಲ. ಪ್ರಾಜೆಕ್ಟಿನ ಸರ್ ಇದರಿಂದ ಪಟ್ಟಿ ಬಹಳ ಚಿಕ್ಕದಾಯಿತು ಎಂದರು. ಚಿಕ್ಕದೇ ಆಗಿತ್ತು.

ಭಾನುವಾರ ಬೆಳಿಗ್ಗೆ ಕಾಕಾ ನಮ್ಮ ಬಾಗಿಲಿಗೆ ಬಂದರು. ಕಟ್ಟೆ ದಾಟಿ ಇತ್ತ ಬಂದದ್ದು ನಾನು ನೋಡಿದಂತೆ ಅದೇ ಮೊದಲು.

“ಬರ್ಕೋ. ಹೂಂ.”

“ಏನು ಹೂಂ?”

“ಖೋಲಿ. ನಾಕ ದಿನಾ ಮ್ಯಾಲ ಹೋಗಿ ಬಾಗಲಾ ತಗದ ಕುಂತೆ. ಇದನ್ನ ಯಾರಿಗಂತ ಇಟ್ಟೇನಿ ಅಂತ ನನಗ ನಾನ ಕೇಳಿದೆ. ಒಂದ ಹೆಸರೂ ಬರಲಿಲ್ಲ. ಆಕಿಗೆ ಬಾ ಅನ್ನು.”

“ಆಕಿ ಹುಕ್ಕೇರಿಗೆ ಹೋದ್ಲ್ರಿ ಕಾಕಾ. ಮೊನ್ನೆ ಶುಕ್ರವಾರ.”

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತರು. “ಎರಡ ದಿನಾ ಆತು ಹಂಗಾರ” ಎಂದರು. ಆಮೇಲೆ, “ಹೋಗಿ ನೋಡಿ ಬರೂಣು ನಡಿ.”

ಶಾಂತವ್ವನ ಮನೆಯಲ್ಲಿ ಅವರು ನಲ್ಲಿ ತಿರುವಿದರು, ಚಿಲಕ ಎಳೆದರು, ಇನ್ನೊಂದು ಕೀಲಿ ಎಲ್ಲಿದೆ ಎಂದು ಕೇಳಿದರು. ಶಾಂತವ್ವ ರೇಗಿದರು: “ನೀವೇನು ಹುಡುಗಿ ಅಪ್ಪನೇನ್ರಿ?” ಕಾಕಾ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದರು. ರೆಹೆಮಾ ಅವರಿಗೆ ಕಪ್ಪು ಛಾ ಮಾಡಿಕೊಟ್ಟಳು. ಕುಡಿಯುವ ಮೊದಲು ಬಟ್ಟಲೊಳಗೆ ಇಣುಕಿ ನೋಡಿದರು. ಅವಳು ಅದನ್ನು ನೋಡಿ ನಕ್ಕು, ಅದೇ ಪಾತ್ರೆಯಿಂದ ತಾನೂ ಬಗ್ಗಿಸಿಕೊಂಡು ಮೊದಲು ಕುಡಿದು ತೋರಿಸಿದಳು. ತಮಗೆ ಹೂಂ ಅನ್ನಿಸಿದ್ದನ್ನು ಕಾಕಾ ಅವಳಿಗೆ ಹೇಳಲಿಲ್ಲ. ಹೇಳಬೇಡವೆಂದು ನನಗೂ ಕಣ್ಸನ್ನೆ ಮಾಡಿದರು.

ಮರಳುವ ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಒಂದೇ ಮಾತಾಡಿದರು. “ನಮ್ಮದರಕಿಂತ ಸಣ್ಣ ಖೋಲಿ.”

ಸಂಕ್ರಾಂತಿಯ ಮರುವಾರ ಕಾಕಾ ತೀರಿಹೋದರು. ನಾನು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿದ್ದೆ. ಮನೆಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮುಗಿಸಿದ್ದರು. ಆ ದಿನ ಡೈರಿ ಬರೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಎದುರಿನ ಕಟ್ಟೆಯನ್ನು ನೋಡಿ ಬಂದು ಬರೆದೆ.

ಈ ಜೂನಿನಲ್ಲಿ ಹೊರದೇಶದಿಂದ ಹೊಸ ವಿದ್ಯಾರ್ಥಿಗಳು ಬಂದಿದ್ದಾರೆ. ಓದು ಮುಗಿದಿದ್ದರೂ ಆ ಪುಟವನ್ನು ಈಗಲೂ ನಾನೇ ನೋಡಿಕೊಳ್ಳುತ್ತೇನೆ. ಗ್ರೇಸ್ ಎಂಬವಳಿಗೆ ಖೋಲಿ ಬೇಕಿತ್ತು. ಅವಳನ್ನು ಕರೆದುಕೊಂಡು ಮೊದಲು ಕಾಕಾ ಅವರ ಮನೆಗೇ ಹೋದೆ. ಬಸವರಾಜ ಬಾಗಿಲು ತೆರೆದ. ಅವಳನ್ನು ನೋಡಿ, ನನ್ನನ್ನು ನೋಡಿ, ತುಂಬ ಚೆನ್ನಾಗಿ ನಕ್ಕ.

“ಬರ್ರಿ ಬರ್ರಿ. ಖೋಲಿ ಏನ, ಖಾಲಿನ ಐತ್ರಿ. ಅಪ್ಪಾರೂ ಹೇಳತಿದ್ರು. ಆದರ ಬಣ್ಣ ಹಚ್ಚಸೂದ ಐತಿ, ಮುಂದ ಏನ ಮಾಡೂದಂತ ಇನ್ನೂ ಠರಾವ ಆಗಿಲ್ಲ. ನಿಮಗ ಇಲ್ಲ ಅನ್ನಾಕ ಆಗತೈತೇನ್ರಿ? ನೋಡೂಣ್ರಿ, ಮುಂದಿನ ತಿಂಗಳ ಒಂದಿಷ್ಟ ಬಂದ ಹೋಗ್ರಿ.”

ಪೆನ್ನು ಕೈಯಲ್ಲಿತ್ತು. ಹೂಂ ಎಂದೂ ಬರೆಯಲಾಗಲಿಲ್ಲ, ಇಲ್ಲ ಎಂದೂ ಬರೆಯಲಾಗಲಿಲ್ಲ. ಅವನು ಏನಂದ ಎಂದು ಗ್ರೇಸ್ ಕೇಳಿದಳು. ನನಗೂ ತಿಳಿಯಲಿಲ್ಲ ಎಂದೆ. ಅವಳು ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಎರಡನೇ ನಂಬರಿನ ಮನೆ ಪೇಟೆಯ ಆ ಕಡೆಗಿತ್ತು. ನಡೆದೇ ಹೋದೆವು.