ಕೈ ಕೊಡವುವ ಯಂತ್ರ

ಟೈಲರಮ್ಮನ ಮನೆಯಲ್ಲಿ ಕೈ ತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೆ ಯಾರೂ ಬಣ್ಣ ಬಳಿಯುವ ಹಾಗಿಲ್ಲ. ಅಲ್ಲಿ ಮೊಣಕೈ ಎತ್ತರದಿಂದ ಓರೆಯಾಗಿ ಕೆಳಗಿಳಿದ ಒಂದು ಸಾಲು ಬಣ್ಣದ ಚುಕ್ಕೆಗಳಿವೆ. ಅವು ಅವಳ ಗಂಡನ ಸಂಪಾದನೆ. ಕೈ ತೊಳೆದವನು ಟವೆಲ್ಲಿಗೆ ಒರೆಸಿಕೊಳ್ಳಬೇಕು ತಾನೆ? ಅವನು ಮಣಿಕಟ್ಟನ್ನು ಒಮ್ಮೆ ಚಟ್ಟನೆ ಕೊಡವುತ್ತಿದ್ದ. "ರೀ, ಗೋಡೆ" ಅನ್ನುತ್ತಿದ್ದಳು ಇವಳು. "ಹೂಂ" ಅನ್ನುತ್ತಿದ್ದ ಅವನು. ಮರುದಿನ ಮತ್ತೆ ಕೊಡವುತ್ತಿದ್ದ. ಆ ದಾಂಪತ್ಯದಲ್ಲಿ ಇಷ್ಟು ತಪ್ಪದೆ ನಡೆದುಕೊಂಡು ಬಂದ ಸಂಭಾಷಣೆ ಇನ್ನೊಂದಿರಲಿಲ್ಲ.

ಅವನು ಬೀರು ಮಾಡುವ ಕಾರ್ಖಾನೆಯಲ್ಲಿ ಬಣ್ಣದ ಕೆಲಸದವನು. ಸ್ಪ್ರೇ ಗನ್ ಹಿಡಿದು ಬೀರುವಿನ ಬಾಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದ. ಒಂದು ವರ್ಷ ಆ ಕೆಲಸಕ್ಕೆಂದು ಯಂತ್ರದ ತೋಳೊಂದು ಬಂತು. ಅದಕ್ಕೆ ಬುದ್ಧಿಯಿಲ್ಲ, ನೆನಪು ಮಾತ್ರ. ನುರಿತವನೊಬ್ಬ ಅದರ ಕೈ ಹಿಡಿದು ಒಂದು ಬಾಗಿಲಿಗೆ ಬಣ್ಣ ಹೊಡೆದು ತೋರಿಸಿದರೆ ಸಾಕು, ಆಮೇಲೆ ಅದು ಚಾಚೂ ತಪ್ಪದೆ ಹಾಗೇ ಹೊಡೆಯುತ್ತಾ ಇರುತ್ತದೆ. ತೋರಿಸಲು ಇವನನ್ನೇ ಆರಿಸಿದರು. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇನ್ಮೇಲೆ ನಾನು ಮೇಷ್ಟ್ರು ಕಣೇ," ಎಂದ. "ಶಿಷ್ಯ ಎದುರು ಮಾತಾಡಲ್ಲ, ರಜೆ ಕೇಳಲ್ಲ."

ಮೇಷ್ಟ್ರಗಿರಿ ಹೆಚ್ಚು ದಿನ ನಡೆಯಲಿಲ್ಲ. ಅದೇ ವರ್ಷ, ಕಾರ್ಖಾನೆಯ ಬಸ್ಸಿಳಿದು ಮನೆಯತ್ತ ಬರುತ್ತಿದ್ದವನು ಎದೆ ಹಿಡಿದುಕೊಂಡು ಯಾರದೋ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಏಳಲಿಲ್ಲ. ಮಗಳಿನ್ನೂ ಚಿಕ್ಕವಳು. ಟೈಲರಮ್ಮ ಊರಿನ ಅರ್ಧ ಜನರ ಸೊಂಟದ ಗುಟ್ಟನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಹೊಲಿದು ಹೊಲಿದು ಮಗಳನ್ನು ಬೆಳೆಸಿದಳು.

ಹೀಗಿರುವಾಗ ಗಿರಾಕಿಯೊಬ್ಬಳು ಟೈಲರಮ್ಮನನ್ನು ಮನೆಗೆ ಕರೆದು, ಅಳತೆಗೆ ಹಳೆಯ ರವಿಕೆ ಕೊಡಲೆಂದು ತನ್ನ ಹೊಚ್ಚ ಹೊಸ ಬೀರುವಿನ ಬಾಗಿಲು ತೆಗೆದಳು. ಬಾಗಿಲಿನ ಒಳಮೈಯಲ್ಲಿ, ಕೆಳಗಿನ ಮೂಲೆಗೆ, ಸಾಸಿವೆಗಿಂತ ಸಣ್ಣ ಬಣ್ಣದ ಚುಕ್ಕೆಗಳ ಸಾಲೊಂದು ಓರೆಯಾಗಿ ಇಳಿದಿತ್ತು. ಆ ಓರೆ ಟೈಲರಮ್ಮನಿಗೆ ಗೊತ್ತು. ಗಂಡ ಹೋಗಿ ವರ್ಷಗಳಾಗಿವೆ. ಬೀರು ಬಂದು ವಾರವಾಗಿಲ್ಲ. ಅಂದು ಅವಳು ರವಿಕೆ ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದಳು. ಆಮೇಲೆ ಯಾರ ಮನೆಗೆ ಹೋದರೂ ಬೀರು ತೆಗೆಸಿ ನೋಡುವ ಚಟ ಹತ್ತಿತು. ಸೀರೆ ನೋಡುವ ಆಸೆ ಪಾಪ ಎಂದುಕೊಂಡು ಜನ ತೋರಿಸುತ್ತಿದ್ದರು. ಹೊಸ ಬೀರುಗಳಲ್ಲೆಲ್ಲ ಅವನಿದ್ದ.

ಸರಿಯಾಗಿ ಅದೇ ಹೊತ್ತಿಗೆ ಮಗಳು, ತಾನು ರೋಬೋಟ್ ಮಾಡುವ ಎಂಜಿನಿಯರಾಗುತ್ತೇನೆ ಎಂದಳು. ಯಾವ ಎಂಜಿನಿಯರಿಂಗ್ ಎಂದು ಹೇಳಿಕೊಡಲು ಟೈಲರಮ್ಮನ ಅಣ್ಣ ಕರೆಯದೆಯೇ ಬಂದ. ವಾಷಿಂಗ್ ಮಷೀನ್ ಮಾರುವ ಅಂಗಡಿಯಲ್ಲಿದ್ದುದರಿಂದ, ಯಂತ್ರಗಳ ವಿಷಯದಲ್ಲಿ ಕೊನೆಯ ಮಾತು ತನ್ನದೆಂದು ನಂಬಿದವನು. ಮನೆಯವರು ಇಟ್ಟ ಹೆಸರು ಪ್ರೊಫೆಸರ್. ಮೆಕ್ಯಾನಿಕಲ್ ಎಂದರೆ ರೋಬೋಟಿನ ಮೈ, ಎಲೆಕ್ಟ್ರಾನಿಕ್ಸ್ ಎಂದರೆ ನರ, ಕಂಪ್ಯೂಟರ್ ಎಂದರೆ ತಲೆ; ತಲೆಯಿದ್ದವರು ತಲೆಯನ್ನೇ ಓದಬೇಕು ಎಂದು ತೀರ್ಪು ಕೊಟ್ಟ. ಮೂರನ್ನೂ ಸೇರಿಸಿ ಕಲಿಸುವ ಮೆಕಟ್ರಾನಿಕ್ಸ್ ಕೂಡ ಇದೆ ಎಂದು ಮಗಳು ಅಂದದ್ದಕ್ಕೆ, ಎಲ್ಲ ಬಟ್ಟೆಯನ್ನೂ ಒಟ್ಟಿಗೆ ಹಾಕಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ ಎಂದ.

"ಯಾವುದೂ ಬೇಡ," ಎಂದಳು ಟೈಲರಮ್ಮ, ಸೂಜಿಯಿಂದ ಕಣ್ಣೆತ್ತದೆ. "ಬ್ಯಾಂಕಿನ ಕೆಲಸಕ್ಕೆ ಓದಲಿ."

ಮಗಳು ಯಾಕೆಂದು ಕೇಳಿದಳು. ನಿಮ್ಮಪ್ಪ ಇನ್ನೂ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದು ಯಾವ ಬಾಯಲ್ಲಿ ಹೇಳುವುದು? ಮಗಳು ಊಟ ಬಿಟ್ಟಳು, ಮಾತು ಬಿಟ್ಟಳು. ತಂಗಿಗೆ ಯಂತ್ರವೆಂದರೆ ಹೆದರಿಕೆ, ಒಮ್ಮೆ ಕಣ್ಣಾರೆ ಕಂಡರೆ ಬಿಡುತ್ತದೆ ಎಂದು ಪ್ರೊಫೆಸರ್ ರೋಗ ಕಂಡುಹಿಡಿದ. ಭಾವನ ಜೊತೆ ಕೆಲಸ ಮಾಡಿದವನೊಬ್ಬ ಈಗ ಅಲ್ಲೇ ಸೂಪರ್‌ವೈಸರ್. ಅವನನ್ನು ಹಿಡಿದು, ತಾಯಿ ಮಗಳಿಬ್ಬರನ್ನೂ ಕಾರ್ಖಾನೆಗೆ ಕರೆದೊಯ್ದ.

ಬಣ್ಣದ ಕೋಣೆಗೆ ಗಾಜಿನ ಕಿಟಕಿ. ಗಂಡ ಬದುಕಿದ್ದಾಗ ಅವಳು ಅವನ ಕೆಲಸವನ್ನು ಕಂಡವಳೇ ಅಲ್ಲ. ಈಗ ಕಂಡಳು. ಕಬ್ಬಿಣದ ತೋಳು ಭುಜವನ್ನು ಮೊದಲು ಸ್ವಲ್ಪ ಇಳಿಸಿ, ಆಮೇಲೆ ಕೈ ಚಾಚಿತು. ಅಟ್ಟದಿಂದ ಡಬ್ಬ ತೆಗೆಯುವಾಗ ಅವನು ಹಾಗೇ ಮಾಡುತ್ತಿದ್ದ. ಬಾಗಿಲಿನ ಉದ್ದಕ್ಕೂ ಅವಸರವಿಲ್ಲದೆ ಬಣ್ಣ ಹೊಡೆದು, ಕೊನೆಗೆ ಮಣಿಕಟ್ಟನ್ನು ಚಟ್ಟನೆ ಕೊಡವಿತು.

"ರೀ, ಗೋಡೆ."

ಮಾತು ಅವಳನ್ನು ಕೇಳದೆ ಹೊರಬಿದ್ದಿತ್ತು. ಮಗಳು ತಾಯಿಯ ಕೈ ಹಿಡಿದಳು. ತೋಳು ಹೂಂ ಅನ್ನಲಿಲ್ಲ. ಇನ್ನೊಂದು ಬಾಗಿಲಿಗೆ ಭುಜ ಇಳಿಸಿತು.

ಗನ್ನಿನ ಮೂತಿಯ ಹನಿ ಬೀಳಿಸಲು ಅವನು ಕೊಡವುತ್ತಿದ್ದ, ಯಂತ್ರ ಅದನ್ನೂ ಪಾಠವೆಂದೇ ತಿಳಿಯಿತು ಎಂದ ಸೂಪರ್‌ವೈಸರ್. ಇದನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ, ಮುಟ್ಟಿದರೆ ಎಲ್ಲಿ ನಿಂತೇ ಹೋಗುತ್ತದೋ ಎಂದು ಯಾರೂ ಮುಟ್ಟುವುದಿಲ್ಲ, ಎರಡು ಪಾಳಿಯೂ ಓಡುತ್ತದೆ. "ಹೊಸಬರೆಲ್ಲ ಇದನ್ನ ಅಣ್ಣ ಅಂತಾನೇ ಕರೀತಾರೆ ಅಮ್ಮ."

"ಇದರಲ್ಲಿ ಅವರು ಇರೋದು ಎಲ್ಲಿ?"

ಅವನು ತಲೆ ಕೆರೆದುಕೊಂಡ. ಕೈಯಾಟವೆಲ್ಲ ತೋಳಿನ ಪಕ್ಕದ ಆ ಪೆಟ್ಟಿಗೆಯ ನೆನಪಿನಲ್ಲಿದೆ, ತಂತಿಗಳು ಅದನ್ನು ತರುತ್ತವೆ, ಜೊತೆಗೆ ಕೀಲು ಸವೆದು ಸವೆದು ಕೊಡವುವುದು ಮೊದಲಿಗಿಂತ ಜೋರಾಗಿದೆ. "ಒಂದೇ ಕಡೆ ಇದಾರೆ ಅಂತ ಹೇಳಕ್ಕಾಗಲ್ಲ."

ಅಂದು ಸಂಜೆ ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಮಗಳನ್ನು ಕರೆದಳು.

"ಮೂರೂ ಸೇರಿದ್ದು ಅಂದ್ಯಲ್ಲ, ಅದನ್ನೇ ಓದು."

ಮಗಳು ನಂಬಲಾರದೆ ನೋಡಿದಳು.

"ಓದಿ ಬಂದು ಅವರನ್ನ ಅಲ್ಲಿಂದ ಬಿಡಿಸು. ಬದುಕಿದ್ದಾಗ ಒಂದು ಪಾಳಿ ಮಾಡ್ತಿದ್ರು. ಈಗ ಎರಡು."

ಮಗಳ ಕನಸಿನಲ್ಲಿದ್ದದ್ದು ಮೆಟ್ಟಿಲು ಹತ್ತುವ, ಮುದುಕರನ್ನು ಎತ್ತಿ ಕೂರಿಸುವ ರೋಬೋಟುಗಳು. ಕಲಿಯುವ ಮುಂಚೆಯೇ ಸಿಕ್ಕ ಮೊದಲ ಕೆಲಸ ಅಪ್ಪನನ್ನು ನಿಲ್ಲಿಸುವುದು.

"ಆಯ್ತಮ್ಮ. ನಿಲ್ಲಿಸ್ತೀನಿ."

ಟೈಲರಮ್ಮ ಎದ್ದು ತೊಟ್ಟಿಯ ಬಳಿ ಹೋದಳು. ಕೈ ತೊಳೆದು, ಒಂದು ಹನಿಯೂ ಹಾರದ ಹಾಗೆ ಟವೆಲ್ಲಿಗೆ ಬೆರಳು ಬೆರಳನ್ನೂ ಒರೆಸಿಕೊಂಡಳು. ಗೋಡೆಯ ಚುಕ್ಕೆಗಳನ್ನು ನೋಡುತ್ತಾ ನಿಂತವಳು ಇತ್ತ ತಿರುಗದೆಯೇ ಅಂದಳು:

"ಅವಸರ ಏನಿಲ್ಲ. ನಿಧಾನಕ್ಕೇ ಓದು."